ಕಡಲೆಕಾಳಿನಷ್ಟು ರೆಟಿನಾಲ್

ಆತಗೂರು
ಭಾನುವಾರ, 9-2-2025

ಫೋನು ಆಫ್ ಮಾಡಿ, ಬಾಗಿಲು ಹಾಕಿಕೊಂಡು ಕೂತಿರುವ ನನ್ನ ತಂಗಿ ಸೌಮಿಗೆ,

ಫೋನು ತೆಗೆಯದಿದ್ದರೆ ಅಕ್ಕ ಸುಮ್ಮನಾಗುತ್ತಾಳೆ ಅಂದುಕೊಂಡೆಯಾ? ನಿಮ್ಮ ಭಾವ ನಾಳೆ ಟಗರು ನೋಡಲು ಬಂಡೂರಿಗೆ ಹೊರಟಿದ್ದಾರೆ. ಮಳವಳ್ಳಿಯಲ್ಲಿ ಇಳಿದು ಈ ಕಾಗದವನ್ನೂ ಒಂದು ಚೀಲವನ್ನೂ ನಿನಗೆ ಕೊಟ್ಟು ಹೋಗುತ್ತಾರೆ. ನೀನು ಬಾಗಿಲು ತೆಗೆಯದಿದ್ದರೆ ಕಿಟಕಿಯಿಂದ ಒಳಕ್ಕೆ ಎಸೆದು ಬನ್ನಿ ಎಂದಿದ್ದೇನೆ.

ಅವ್ವ ಎಲ್ಲ ಹೇಳಿದಳು. ನಿಶ್ಚಿತಾರ್ಥಕ್ಕೆ ಮುಖ ಹೊಳೆಯಲಿ ಅಂತ ನೀನು ರೆಟಿನಾಲ್ ಕ್ರೀಮು ತರಿಸಿಕೊಂಡದ್ದು, ಮುಖ ಕೆಂಪಗಾಗಿ ಸಿಪ್ಪೆ ಏಳುತ್ತಿರುವುದು, ಅಷ್ಟರಲ್ಲೇ ಶಿವಪುರದ ಗಂಡಿನ ಮನೆಯವರು ಇನ್ನೊಂದು ತಿಂಗಳು ಮುಂದಕ್ಕೆ ಹಾಕೋಣ ಎಂದು ಹೇಳಿ ಕಳಿಸಿದ್ದು. ಸಂತೋಷ್‌ಗೆ ನಿನ್ನ ಮುಖದ ಸುದ್ದಿಯನ್ನು ಯಾರೋ ಮುಟ್ಟಿಸಿದ್ದಾರೆ, ಅದಕ್ಕೇ ಈ ನೆಪ ಅಂತ ನಿನ್ನ ತೀರ್ಮಾನ. ಅವನು ಬೇಡ ಅನ್ನುವ ಮೊದಲು ನಾನೇ ಬೇಡ ಅಂತೀನಿ, ಬುಧವಾರ ಅಪ್ಪನನ್ನು ಶಿವಪುರಕ್ಕೆ ಕಳಿಸ್ತೀನಿ ಅಂತ ಹಟ ಹಿಡಿದಿದ್ದೀಯಂತೆ. ನಮ್ಮ ಸಣ್ಣತಾಯಮ್ಮಜ್ಜಿ ಬೇರೆ, "ಗಂಡಿನ್ ಕಡೆಯೋರು ಜಾರ್ಕತಾವ್ರೆ ಕಣವ್ವ, ಬುಡು ಅತ್ಲಾಗೆ" ಅಂದಳಂತೆ. ಆ ಮುದುಕಿಗೆ ನಾನು ಬಂದಾಗ ಇದೆ.

ನೀನು ಅವನನ್ನು ಬೇಡ ಅನ್ನುವವಳಾ? ಸಂಕ್ರಾಂತಿಯ ದಿನ ಅವನ ಫೋನು ಬಂತು ಅಂತ ಎಳ್ಳು-ಬೆಲ್ಲದ ತಟ್ಟೆಯನ್ನು ನಮ್ಮ ಎಮ್ಮೆಯ ಮುಂದಿಟ್ಟು ಹಿತ್ತಲಿಗೆ ಓಡಿದವಳು ನೀನು. ಎಮ್ಮೆ ತಟ್ಟೆ ಖಾಲಿ ಮಾಡಿದರೂ ನಿಮ್ಮ ಮಾತು ಮುಗಿದಿರಲಿಲ್ಲ.

ಮೊದಲು ಮುಖದ ವಿಚಾರ ಮುಗಿಸುತ್ತೇನೆ. ಇದರಲ್ಲಿ ನಾನು ಹೇಳಿದ ಹಾಗೆ ಕೇಳು, ಯಾಕೆಂದರೆ ನಾನೂ ಸುಟ್ಟುಕೊಂಡೇ ಕಲಿತವಳು. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಮುಂದೆ ನಿಂತು ನಿಂತು ನನ್ನ ಕೆನ್ನೆಗೆ ಬಂಗು ಬಂದಿತ್ತಲ್ಲ. ಹೋದ ವರ್ಷ ಇದೇ ಕ್ರೀಮು ತರಿಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು, ಬೆಳಿಗ್ಗೆ ಎದ್ದು ಒಲೆ ಮುಂದೆ ನಿಂತೆ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯಿತು. ಮಂಡ್ಯದ ಚರ್ಮದ ಡಾಕ್ಟರು ನೋಡಿ, ಇದೇನಮ್ಮ ಅಡುಗೆ ಎಣ್ಣೆಯಾ, ಸುರಿದಷ್ಟೂ ರುಚಿ ಬರೋಕೆ ಅಂತ ಗದರಿದರು. ಅವರು ಹೇಳಿದಂತೆ ಮಾಡಿದೆ. ಈಗ ನನ್ನ ಕೆನ್ನೆ ನೋಡು, ನಿಮ್ಮ ಭಾವನೇ ಎರಡು ಸಲ ತಿರುಗಿ ನೋಡುತ್ತಾರೆ.

ಸದ್ಯಕ್ಕೆ ಆ ಟ್ಯೂಬು ಮುಟ್ಟಬೇಡ. ಸಿಪ್ಪೆ ಕಂಡಿತು ಅಂತ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಉಜ್ಜಿದೆಯಂತಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಅಷ್ಟೂ ತಿಳಿಯಬೇಡವಾ? ಚೀಲದಲ್ಲಿ ಮಾಯಿಶ್ಚರೈಸರ್ ಇದೆ, ಮುಖ ಪೂರ್ತಿ ವಾಸಿಯಾಗುವವರೆಗೆ ಅದೊಂದೇ. ಆಮೇಲೆ ರೆಟಿನಾಲ್ ಶುರು ಮಾಡಿದರೆ ವಾರಕ್ಕೆ ಎರಡು ರಾತ್ರಿ ಮಾತ್ರ. ಮುಖ ತೊಳೆದು, ಒದ್ದೆ ಆರಿದ ಮೇಲೆ, ಇಡೀ ಮುಖಕ್ಕೆ ಸೇರಿ ಕಡಲೆಕಾಳಿನಷ್ಟು. ಕಣ್ಣಿನ ಸುತ್ತ, ಮೂಗಿನ ಸಂದಿ, ತುಟಿ ಬಿಟ್ಟುಬಿಡು. ಉರಿ ಅನ್ನಿಸಿದರೆ ಮೊದಲೂ ಮಾಯಿಶ್ಚರೈಸರ್, ಮೇಲೂ ಮಾಯಿಶ್ಚರೈಸರ್. ಒಗ್ಗಿದ ಮೇಲೆ ಬೇಕಾದರೆ ಒಂದೊಂದೇ ರಾತ್ರಿ ಹೆಚ್ಚಿಸು. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದೆ ಸ್ಕೂಟಿ ಹತ್ತಬೇಡ, ಅದೂ ಚೀಲದಲ್ಲಿದೆ.

ಇನ್ನೊಂದು, ಅವಸರ ಪಡಬೇಡ. ಇದು ತಿಂಗಳುಗಟ್ಟಲೆ ಕಾದರೆ ಫಲ ಕೊಡುವ ಔಷಧಿ. ನನ್ನ ಬಂಗು ತಿಳಿಯಾಗುವಷ್ಟರಲ್ಲಿ ಕಟಾವಾದ ಮೇಲೆ ಬುಡದಿಂದ ಚಿಗುರಿದ ನಮ್ಮ ಕೂಳೆ ಕಬ್ಬು ಸೊಂಟದುದ್ದ ಬೆಳೆದಿತ್ತು. ಮತ್ತೆ, ಮದುವೆಯಾಗಿ ಮಗು ಬೇಕು ಅನ್ನಿಸಿದಾಗ ಟ್ಯೂಬನ್ನು ಎತ್ತಿಟ್ಟುಬಿಡು, ಬಸುರಿಯರು ಇದನ್ನು ಹಚ್ಚಲೇಬಾರದು ಅಂತ ಡಾಕ್ಟರು ಒತ್ತಿ ಹೇಳಿದ್ದಾರೆ. ನೋಡು, ನಾನು ಆಗಲೇ ನಿನ್ನ ಮಕ್ಕಳವರೆಗೂ ಹೋಗಿದ್ದೇನೆ, ನೀನು ನಿಶ್ಚಿತಾರ್ಥವನ್ನೇ ಮುರಿಯಲು ಹೊರಟಿದ್ದೀಯ.

ನಿನ್ನ ಮುಖ ವಾಸಿಯಾಗುತ್ತೆ ಸೌಮಿ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನಗೆ ಭಯ ಇರುವುದು ನಿನ್ನ ಹಟದ ಬಗ್ಗೆ. ಬೇಡ ಅಂತ ಒಂದು ಸಲ ಅಪ್ಪನ ಬಾಯಲ್ಲಿ ಹೇಳಿಸಿದರೆ ಎರಡೂ ಮನೆಯ ದೊಡ್ಡವರು ಸೆಟೆದುಕೊಳ್ಳುತ್ತಾರೆ, ಆಮೇಲೆ ನೀನು ಅತ್ತರೂ ಸರಿಹೋಗುವುದಿಲ್ಲ. ಅವರು ಯಾಕೆ ಮುಂದಕ್ಕೆ ಹಾಕಿದರು ಎಂಬುದು ನನಗೆ ಗೊತ್ತು. ಅದಕ್ಕೂ ನಿನ್ನ ಮುಖಕ್ಕೂ ಸಂಬಂಧವಿಲ್ಲ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿಲ್ಲ. ಅಕ್ಕನ ಮೇಲೆ ನಂಬಿಕೆ ಇದ್ದರೆ ಅಪ್ಪನನ್ನು ಮನೆಯಲ್ಲೇ ಕೂರಿಸು.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ, ಬೈಯುವ ಹಕ್ಕು ಇನ್ನೂ ಬಿಟ್ಟುಕೊಡದ
ಅಕ್ಕ,
ರಂಜಿತ

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಲಕೋಟೆ ಅಂಟಿಸಲು ಹೋದವಳು ನಿಲ್ಲಿಸಿದೆ. ನೀನು ಬರೀ ನಂಬಿಕೆಯ ಮೇಲೆ ಸುಮ್ಮನಿರುವವಳಲ್ಲ. ಕೊಟ್ಟ ಮಾತು ಹೋದರೆ ಹೋಗಲಿ. ಮೊನ್ನೆ ಸಂತೋಷ್ ನಮ್ಮ ಆಲೆಮನೆಗೆ ಬಂದಿದ್ದ, ಹೆಲ್ಮೆಟ್ ತೆಗೆಯಲೊಲ್ಲ. ಬಲವಂತ ಮಾಡಿ ತೆಗೆಸಿದರೆ ಮುಖವೆಲ್ಲ ಕೆಂಪು, ಹಣೆ ತುಂಬ ಸಿಪ್ಪೆ. ನೀನೇ ಫೋನಿನಲ್ಲಿ ಆ ಕ್ರೀಮನ್ನು ಹೊಗಳಿದ್ದೆಯಂತೆ. ನಿನ್ನ ಪಕ್ಕ ನಿಂತಾಗ ಮೊಡವೆ ಕಲೆ ಕಾಣಬಾರದು ಅಂತ ಅವನೂ ಕದ್ದು ತರಿಸಿ, ದಿನಾ ರಾತ್ರಿ ಮೆತ್ತಿಕೊಂಡು, ಹಗಲೆಲ್ಲ ಬಿಸಿಲಲ್ಲಿ ಕರೆಂಟು ಕಂಬ ಹತ್ತಿದ್ದಾನೆ. ಲೈನ್‌ಮನ್‌ಗೆ ನೆರಳು ಎಲ್ಲಿಂದ ಬರಬೇಕು? ಮುಂದಕ್ಕೆ ಹಾಕಿ ಅಂತ ಅವರಮ್ಮನ ಕಾಲು ಹಿಡಿದವನು ಅವನೇ. ಕ್ರೀಮಿನ ವಿಚಾರ ಮೇಲೆ ನಿನಗೆ ಬರೆದದ್ದನ್ನೆಲ್ಲ ಅವತ್ತೇ ಅವನಿಗೂ ಹೇಳಿದೆ, ಒಂದೂ ಕಿವಿಗೆ ಹೋಗಲಿಲ್ಲ. "ಅಕ್ಕ, ಸೌಮ್ಯ ಫೋನೇ ಎತ್ತಾ ಇಲ್ಲ. ನನ್ ಮಕ ಇಂಗಾಗದೆ ಅಂತ ಯಾರೋ ಏಳ್ಬುಟ್ಟವ್ರೆ, ಅದ್ಕೆ ನಾನ್ ಬ್ಯಾಡ ಅಂತಾವ್ಳೆ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡ. ಬುಧವಾರ ನಾನೇ ಮಳವಳ್ಳಿಗೆ ಬರುತ್ತೇನೆ. ಅಪ್ಪ ಬೇಡ, ನಾವಿಬ್ಬರೇ ಶಿವಪುರಕ್ಕೆ ಹೋಗೋಣ. ವೇಲಿನಲ್ಲಿ ಮುಖ ಮುಚ್ಚಿಕೊಳ್ಳದೆ ಬಾ, ಅವನು ನಿನ್ನ ಮುಖ ನೋಡಿದರೆ ಸಾಕು.