ಏಳು ಸೀಟು ತುಂಬಿದ ಗಾಡಿ

ಶಿರಹಟ್ಟಿ
ಮಂಗಳವಾರ, 12 ಫೆಬ್ರವರಿ 2019

ನನ್ನ ನಸ್ರೀನಳಿಗೆ ಅಮ್ಮನ ಸಲಾಮು. ಹೊಟ್ಟೆಯಲ್ಲಿರುವ ಕೂಸಿಗೆ ಅಜ್ಜಿಯ ಮುತ್ತು.

ಫೋನು ಮಾಡಿದರೆ ನಿನ್ನ ಅತ್ತೆ ಹಸೀನಾಬಿ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬಳೆಗಾರ್ತಿ ದೇವವ್ವ ನಾಳೆ ಹಿರೇವಡ್ಡಟ್ಟಿಗೆ ಬರುವಳು, ಬುಟ್ಟಿಯ ತಳದಲ್ಲಿ ಇದನ್ನು ತರುವಳು.

ಭಾನುವಾರ ನಿಮ್ಮ ಬಾಗಿಲಿಂದ ಬರಿಗೈಯಲ್ಲಿ ತಿರುಗಿ ಬಂದೆವಲ್ಲ, ಆಗಿನಿಂದ ನಿನ್ನ ಅಬ್ಬಾ ಸರಿಯಾಗಿ ಉಂಡಿಲ್ಲ. ಗಾಡಿಯ ಮೇಲೆ ಹೊದಿಕೆ ಎಳೆದಿದ್ದಾರೆ, ಹೆಣಕ್ಕೆ ಹೊದಿಸಿದ ಹಾಗೆ. ಕೆಟ್ಟ ಮಾತು, ಬಾಯಿಗೆ ಬಂತು.

ಆ ಗಾಡಿ ಯಾಕೆ ಬಂತೆಂದು ನಿನಗೆ ಯಾರೂ ಹೇಳಿಲ್ಲ. ಚೊಚ್ಚಲ ಹೆರಿಗೆಗೆ ನಿನ್ನನ್ನು ಕರೆತರಲು ಅಬ್ಬಾ ಉಳ್ಳಾಗಡ್ಡಿ ಹೇರುವ ಟೆಂಪೋ ತಂದಿದ್ದರು. "ನಮ್ಮ ಸೊಸಿ ಏನು ಚೀಲ ಏನ್ರಿ, ಹೇರಿಕೊಂಡು ಹೋಗಾಕ?" ಎಂದು ಹಸೀನಾಬಿ ಕಳಿಸಲಿಲ್ಲ. ಅಲ್ಲೇ ನಿನ್ನ ಕಾಲು ಬಾತವು, ಮೈ ನಡುಗಿತು. "ಬೆಳಗಾಗಲಿ, ನೋಡೂಣು" ಎಂದು ನಿನ್ನ ಅತ್ತೆಮನೆಯವರು ಕೂತರು. ಕೂಸು ಉಳಿಯಲಿಲ್ಲ.

ಈ ಸಲ ಹಾಗಾಗಬಾರದೆಂದು ಅಬ್ಬಾ ಹುಬ್ಬಳ್ಳಿಯಲ್ಲಿ ಹಳೆ ಗಾಡಿ ಮಾರುವವರನ್ನೆಲ್ಲ ಸುತ್ತಿದರು. ಸಣ್ಣ ಕಾರು ತೋರಿಸಿದರೆ "ಬೀಗರು ನಗ್ತಾರ" ಎನ್ನುವರು. ಕೊನೆಗೆ ಯಾರೋ ಗುತ್ತಿಗೆದಾರ ಓಡಿಸಿ ಬಿಟ್ಟ, ಮೂರು ಸಾಲಿನ ಆ ಶ್ರೀಮಂತ ಗಾಡಿ ತಂದರು. ಚರ್ಮದ ಸೀಟು. ನಡುವಿನ ಸಾಲಿನಲ್ಲಿ ನನ್ನನ್ನು ಕೂಡಿಸಿ, ಗುಂಡಿ ಒತ್ತಿ ಹಿಂದಕ್ಕೆ ವಾಲಿಸಿ, "ಬಸುರಿ ಹೆಣ್ಣಿಗೆ ನಡು ನೋಯೂದಿಲ್ಲ, ನೋಡು" ಎಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲಿಲ್ಲ.

ಹೊರಡುವಾಗ ನಿನ್ನ ಸೋದರತ್ತೆ ಖಾತುನಬಿ, "ಒಂದು ಸೀಟೂ ಖಾಲಿ ಇರಬಾರ್ದು. ಮಂದಿ ಇಲ್ಲದ ಮನಿ ಅಂತಾರ" ಎಂದಳು. ಓಣಿಯ ಹೆಂಗಸರನ್ನೂ ಹತ್ತಿಸಿಕೊಂಡಳು. ಏಳೂ ಸೀಟು ತುಂಬಿದವು. ಹೋಗುವವರನ್ನು ಎಣಿಸಿದೆವು. ಕರೆತರಬೇಕಾದವಳನ್ನು ಒಬ್ಬರೂ ಎಣಿಸಲಿಲ್ಲ.

ಹಸೀನಾಬಿ ಎಣಿಸಿದರು. ಗಾಜಿಗೆ ಮುಖ ಹಚ್ಚಿ ಸಾಲು ಸಾಲಾಗಿ ನೋಡಿ, "ಗಾಡಿ ಭಾಳ ಚೊಲೊ ಐತ್ರಿ ಬೀಗರ. ಸೊಸೀನ ಎಲ್ಲಿ ಕುಂಡ್ರಸ್ತೀರಿ, ಟಾಪ್ ಮ್ಯಾಲ?" ಎಂದರು. ಓಣಿಯೇ ನಕ್ಕಿತು. "ನಾವು ಬಸ್ಸಿಗೆ ಹೋಗ್ತೀವ್ರಿ" ಎಂದು ಖಾತುನಬಿ ಕೈ ಮುಗಿದಳು. "ಕರ್ಯಾಕ ಬಂದವರು ಆಕೀ ಸೀಟು ಮರ್ತೀರಿ. ನಾಳೆ ಗುಳಿಗಿ ಕೊಡೂದು ನೆನಪ ಇರ್ತತೇನು?" ಎಂದರು ಹಸೀನಾಬಿ. ಅಳಿಯ ಗಾಡಿಯ ಟೈರು ನೋಡುತ್ತ ನಿಂತಿದ್ದ.

ಆಗ ನೀನು ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದೆ. "ನಾ ಇಲ್ಲೇ ಆರಾಮ ಅದೀನಿ, ಅಬ್ಬಾ. ನೀವು ಹೋಗ್ರಿ" ಎಂದೆ. ಅಬ್ಬಾನ ಮಾನ ಉಳಿಸಲು ನೀನು ಹಾಗೆ ಹೇಳಿದೆ ಎಂದು ನನಗೆ ಗೊತ್ತು. ಅವರು ನಿಜವೆಂದು ನಂಬಿದ್ದಾರೆ. "ಮಗಳಿಗೇ ಬ್ಯಾಡಾದ್ವಿ" ಎನ್ನುತ್ತಾರೆ. ನಾನು ತಿದ್ದಲಿಲ್ಲ. ಯಾಕೆಂದರೆ ನಿಜ ಹೇಳಿದರೆ ನಾನು ಕಂಡದ್ದನ್ನೂ ಹೇಳಬೇಕಾಗುತ್ತದೆ.

ನೀನು ತಂಬಿಗೆ ಕೊಡಲು ಬಗ್ಗಿದಾಗ ಸೀರೆಯಂಚು ಸರಿಯಿತು. ನಿನ್ನ ಕಾಲು ನೋಡಿದೆ, ಮಗಳೇ. ಹೋದ ಸಲದಂತೆಯೇ ಬಾತಿವೆ.

ಉಪ್ಪು ಕಡಿಮೆ ತಿನ್ನು. ತಲೆ ನೋಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ? ಯಾರಿಗೂ ಹೇಳದಿದ್ದರೂ ದೇವವ್ವನಿಗೆ ಹೇಳು.

ನಿನ್ನನ್ನೇ ನೆನೆಯುವ ಅಮ್ಮ,
ಮುಮ್ತಾಜ

ತಾ.ಕ.: ಇದನ್ನು ಮಡಚುವ ಮೊದಲು ಮುಂಡರಗಿಯ ಡಾಕ್ಟರಬಾಯಿಗೆ ಫೋನು ಮಾಡಿ ಕಾಲಿನ ವಿಷಯ ಹೇಳಿದೆ. "ನಾಳೇನ ಕರ್ಕೊಂಡ ಬರ್ರಿ, ತಡಾ ಮಾಡಬ್ಯಾಡ್ರಿ" ಎಂದರು. ಅದಕ್ಕೇ ದೇವವ್ವ ಒಬ್ಬಳೇ ಬರುವುದಿಲ್ಲ, ನಾನೂ ಬರುತ್ತೇನೆ. ಅಬ್ಬಾಗೆ ಸೊರಟೂರಿಗೆ ಹೋಗುತ್ತೇನೆಂದು ಸುಳ್ಳು ಹೇಳಿದ್ದೇನೆ; ಗೊತ್ತಾದರೆ ಮತ್ತೆ ಗಾಡಿ ತಂದು ನಿಮ್ಮ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನೀನು ಇದನ್ನು ಓದುವಾಗ ನಿಮ್ಮ ಓಣಿಯ ತುದಿಯಲ್ಲಿ, ಹಿಟ್ಟಿನ ಗಿರಣಿಯ ಹತ್ತಿರ, ಬುರ್ಖಾದೊಳಗೆ ನಿಂತಿರುತ್ತೇನೆ. ಬಳೆ ಇಡಿಸಿಕೊಳ್ಳುವ ನೆವ ಮಾಡಿ ಹೊರಗೆ ಬಾ. ಬಾತ ಕಾಲಿಗೆ ಚಪ್ಪಲಿ ಹಿಡಿಸದಿದ್ದರೆ ಬರಿಗಾಲಲ್ಲೇ ಬಾ.