ನಾಲ್ಕನೇ ಪೆಟ್ಟು

ಮಾರ್ಚ್ 4

ಬೆಳಗಿನ ಪಾಳಿ. ರೇಡಿಯೊ ಕಚೇರಿಯ ರೆಕಾರ್ಡ್ ಕೋಣೆಯ ಧೂಳು ಒರೆಸಿದೆ. ‘ಮುಂಬಾಗಿಲಲ್ಲೇ ಬಾ ನಲ್ಲೆ’ ಹಾಡಿಗೆ ಇವತ್ತೂ ರಾಶಿ ಪತ್ರ. ಪ್ರೇಮಗೀತೆ ಅಂತಲೇ ಪ್ರಸಾರಕ್ಕೆ ಒಪ್ಪಿಗೆ ಸಿಕ್ಕಿದ್ದು. ಬಸ್ಸಿನಲ್ಲಿ ನಮ್ಮವರಿಗೆ ಹಿಂಬಾಗಿಲು ಮಾತ್ರ ಎಂಬುದು ಒಪ್ಪಿಗೆ ಕೊಟ್ಟವರಿಗೆ ಹೊಳೆದಿರಲಿಕ್ಕಿಲ್ಲ — ಅವರು ಬಸ್ಸು ಹತ್ತುವುದಿಲ್ಲ.

ಲೇಬಲ್ ಮೇಲೆ ಹಾಡಿದವಳ ಹೆಸರಿಲ್ಲ. ಅವಳು ನನ್ನ ತಂಗಿ ಗುಬ್ಬಿ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ರೆಕಾರ್ಡಿನಲ್ಲಿ ಅವಳ ತಪ್ಪು ಹಾಗೇ ಉಳಿದಿದೆ. ಡ್ರಮ್ಮಿನ ನಾಲ್ಕು ಪೆಟ್ಟು ಮುಗಿದ ಮೇಲೆ ಹಾಡಬೇಕು. ಮೂರಕ್ಕೇ ಬಾಯಿ ತೆಗೆಯುತ್ತಾಳೆ. ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ ಎಷ್ಟು ಸಲ ತಿದ್ದಿದೆ!

“ನಾಲ್ಕರ ತನಕ ಯಾರಣ್ಣಾ ಕಾಯ್ತಾರೆ? ನೀನೇ ಕಾಯಿ, ನಿಂಗೆ ಬೇರೆ ಏನು ಕೆಲಸ!”

ಮಾರ್ಚ್ 9

ಬಸ್ ನಿಲ್ದಾಣದಲ್ಲಿ ನೂರಾರು ಜನ. ಮುಂಬಾಗಿಲಿಗೆ ಎದುರಾಗಿ ನಿಂತು, ಕೈತಟ್ಟಿ ಹಾಡಿದರು. ಎಲ್ಲರೂ ಮೂರಕ್ಕೇ ಶುರು. ರೆಕಾರ್ಡ್ ಕೇಳಿ ಕಲಿತವರು — ಅವಳ ಆತುರವನ್ನೂ ಕಲಿತಿದ್ದಾರೆ. ಕೊನೆಗೆ ಕಂಡಕ್ಟರ್ ಬಾಗಿಲು ತೆಗೆದ.

ನಾನೂ ಹತ್ತಿದೆ. ಹಾಡಲಿಲ್ಲ... ಕಿಟಕಿ ಪಕ್ಕ ಕೂತೆ.

ಮಾರ್ಚ್ 12

ಹಾಡಿಗೆ ನಿಷೇಧ. ಯಾರೂ ಮತ್ತೆ ಹಾಕದಂತೆ ರೆಕಾರ್ಡಿನ ಮೇಲೆ ಮೊಳೆಯಿಂದ ಗೀಚಬೇಕೆಂದು ಆದೇಶ. ಗೀಚಿದೆ. ಅಂಚಿನಿಂದ ನಡುವಿನವರೆಗೆ, ನೇರವಾಗಿ.

ಗುಬ್ಬಿಗೆ ಹೇಳಿದೆ. “ಜನರ ಬಾಯಿಗೆ ಯಾವ ಮೊಳೆ ಹಾಕ್ತಾರಂತೆ?” ಎಂದಳು.

ಮಾರ್ಚ್ 20

ಬರೆಯಲು ಮನಸ್ಸಾಗಿರಲಿಲ್ಲ. ಆ ಹಾಡಿಗೆ ಡ್ರಮ್ ಬಾರಿಸಿದವನನ್ನು ಮನೆಯಿಂದ ಕರೆದೊಯ್ದಿದ್ದಾರೆ. ಅವನ ಹೆಂಡತಿ ಠಾಣೆಗೆ ಹೋದಳು. ಅವನ ಚಪ್ಪಲಿ ಮಾತ್ರ ಕೊಟ್ಟು ಕಳಿಸಿದರು.

ಈಗ ಹಾಡಿದವಳನ್ನು ಹುಡುಕುತ್ತಿದ್ದಾರೆ.

ಮಾರ್ಚ್ 21, ಮಧ್ಯಾಹ್ನ

ಆಫೀಸಿಗೆ ಬೂದು ಕೋಟಿನ ಅಧಿಕಾರಿ ಬಂದ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಇಂಥವರ ಬೂಟು ಸದ್ದು ಮಾಡುತ್ತದೆ. ಇವನದು ಮೆತ್ತಗಿತ್ತು.

“ಆ ಹಾಡು ಎಲ್ಲರಿಗೂ ಬರುತ್ತಲ್ಲ, ಒಬ್ಬೊಬ್ರೇ ಹಾಡಿ ನೋಡೋಣ. ನಾನೇ ಹೇಳ್ತಿದ್ದೀನಲ್ಲ, ಭಯ ಯಾಕೆ?”

“ನಾನು ಹಾಡಿದ್ರೆ ನನ್ನನ್ನೂ ಬ್ಯಾನ್ ಮಾಡ್ತೀರಿ ಸಾರ್,” ಎಂದ ಜವಾನ. ಅಧಿಕಾರಿಯೂ ನಕ್ಕ. ಬೆರಳಿನಿಂದ ಮೇಜಿನ ಮೇಲೆ ತಾಳ ಕುಟ್ಟಿದ.

ಜವಾನ ಮೂರಕ್ಕೆ ಶುರು ಮಾಡಿದ. ಟೈಪಿಸ್ಟ್ ಮೂರಕ್ಕೆ. ನಾನು ನಾಲ್ಕಕ್ಕೆ.

ಟೈಪಿಸ್ಟ್ ತಲೆ ತಗ್ಗಿಸಿದಾಗಲೇ ಅರಿವಾಯಿತು.

“ಇಡೀ ಊರು ಮೂರಕ್ಕೆ ಹಾಡುತ್ತೆ. ನೀವೊಬ್ರೇ ನಾಲ್ಕಕ್ಕೆ. ರೆಕಾರ್ಡ್ ಕೇಳಿ ಕಲಿತಿದ್ದಲ್ಲ, ಅಲ್ವಾ?”

ಅಧಿಕಾರಿ ಪೆನ್ನು ತೆಗೆದ.

“ಮನೇಲಿ ಯಾರ್ಯಾರಿದ್ದೀರಿ?”

ಅದೇ ದಿನ, ಸಂಜೆ

ಅಧಿಕಾರಿ ವಿಳಾಸ ಬರೆದುಕೊಂಡು ಹೋದ ಕೂಡಲೇ ಮನೆಗೆ ಓಡಿ ಬಂದೆ. ಗುಬ್ಬಿ ಚೀಲ ತುಂಬಿಕೊಂಡು ಬಾಗಿಲ ಬಳಿ ಕೂತಿದ್ದಾಳೆ. ಅವಳ ಗೆಳತಿ ವ್ಯಾನ್ ತರುತ್ತಾಳೆ. ಗಡಿ ದಾಟಿಸುತ್ತಾಳೆ. ನಾಲ್ಕು ಸಲ ತಟ್ಟಿದರೆ ಅವಳು. ಬೇರೆ ಯಾರಾದರೂ ಆದರೆ ಹಿತ್ತಿಲಿನಿಂದ ಓಡಬೇಕು.

“ಎಷ್ಟು?” ಎಂದು ಕೇಳಿದೆ.

“ನಾಲ್ಕು ಮಾರಾಯ, ನಾಲ್ಕು! ಈ ಸಲ ಕಾಯ್ತೀನಿ, ಆಯ್ತಾ?”

ಕಾಯುತ್ತಾ ಬರೆಯುತ್ತಿದ್ದೇನೆ. ಹೊರಗೆ ಗಾಡಿ ನಿಂತಿತು. ವ್ಯಾನೋ ಕಾರೋ, ಸದ್ದಿನಿಂದ ತಿಳಿಯುವುದಿಲ್ಲ.

ತಟ್ಟಿದರು. ಒಂದು. ಎರಡು. ಮೂರು.

ಗುಬ್ಬಿ ಆಗಲೇ ಎದ್ದು ಚಿಲಕಕ್ಕೆ ಕೈ —