ಎರಡು ದಿನ ತಡವಾಗಿ ಸತ್ತವಳ ಮಗಳು

ಮಾನ್ಯ ಪ್ರವೇಶ ಮಂಡಳಿಯ ನಿರ್ದೇಶಕರೇ,

ನನ್ನ ಹೆಂಡತಿ ಎರಡು ದಿನ ತಡವಾಗಿ ಸತ್ತಳು. ಇದು ನನ್ನ ಮಾತಲ್ಲ, ನಿಮ್ಮ ಕಚೇರಿಯ ತೀರ್ಪು. ಮಗಳ ಕೌನ್ಸೆಲಿಂಗ್ ಇದ್ದದ್ದು ಮಂಗಳವಾರ, ತಾಯಿ ತೀರಿಕೊಂಡದ್ದು ಗುರುವಾರ. ಮಂಗಳವಾರವೇ ಅವಳ ಪ್ರಾಣ ಹೋಗಿದ್ದರೆ ವಿನಾಯಿತಿ ಇತ್ತಂತೆ. ಗುರುವಾರ ಹೋದದ್ದರಿಂದ ಮಂಗಳವಾರದ ಗೈರುಹಾಜರಿಗೆ ಕಾರಣವೇ ಇಲ್ಲವಂತೆ. ಹಾಗಾಗಿ ಮಾತಿನ ಚಿಕಿತ್ಸೆಯ ಕೋರ್ಸು ಸೇರಬೇಕಿದ್ದ ನನ್ನ ಮಗಳು ಈಗ ಪಿಂಗಾಣಿ ತಂತ್ರಜ್ಞಾನ ಓದಬೇಕು, ಇಲ್ಲವೇ ಒಂದು ವರ್ಷ ಮನೆಯಲ್ಲಿ ಕೂರಬೇಕು. ಬರುವ ಸೋಮವಾರ ನಿಮ್ಮ ಎರಡನೇ ಸುತ್ತು. ಅಷ್ಟರೊಳಗೆ ನಿಮ್ಮ ಕಣ್ಣಿಗೆ ಬೀಳಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮಗೇ ಬರೆದ ಅರ್ಜಿ ಯಾವ ಮೇಜಿನ ಮೇಲೆ ಮಲಗಿದೆಯೋ ನಿಮಗೂ ಗೊತ್ತಿರಲಾರದು.

ನಾನು ಇಸ್ತ್ರಿ ಅಂಗಡಿ ನಡೆಸುವವನು. ಹೈಸ್ಕೂಲಿನವರೆಗೆ ಓದಿದ್ದೇನೆ. ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲು ನನಗಾಗಿ ಬರೆದುಕೊಳ್ಳುವುದು ಬಿಟ್ಟರೆ ಬರವಣಿಗೆ ಗೊತ್ತಿಲ್ಲ. ದೊಡ್ಡವರಿಗೆ ಬರೆಯುವ ರೀತಿ ತಪ್ಪಿದ್ದರೆ ಮನ್ನಿಸಿ.

ಹೋದ ವರ್ಷ ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಅಷ್ಟಿಷ್ಟು ಮರಳಿದವು, ಮಾತು ಮರಳಲಿಲ್ಲ. ಬಂದ ಕೆಲವು ಮಾತುಗಳೂ ತಲೆಕೆಳಗಾಗಿ ಬರುತ್ತಿದ್ದವು. ಹಸಿವಾದರೆ ನಿದ್ದೆ ಎನ್ನುವಳು, ಬಾ ಎನ್ನಲು ಹೋಗು ಎನ್ನುವಳು. ಒಂದು ಮಧ್ಯಾಹ್ನ "ಕತ್ತರಿ, ಕತ್ತರಿ" ಎಂದು ಗೋಗರೆದಳು. ನಾನು ಓಡಿಹೋಗಿ ಕತ್ತರಿ ತಂದು ಕೈಗಿಟ್ಟೆ. ಬಿಸಾಡಿದಳು. ಮಗಳು ಎದ್ದು ಹೋಗಿ ಕಿಟಕಿ ತೆಗೆದಳು. ಗಾಳಿ ಬಂತು. ನನ್ನವಳು ಕಣ್ಣು ಮುಚ್ಚಿ ನಕ್ಕಳು.

"ನಿಂಗೆ ಹೇಗೆ ಗೊತ್ತಾಯ್ತೇ?" ಎಂದೆ.

"ಬಾಯಿ ಕೇಳ್ತಾ ಕೂತ್ರೆ ಗೊತ್ತಾಗಲ್ಲಪ್ಪ. ಅಮ್ಮ ಆಗಿಂದ ಅದರ ಕಡೆನೇ ನೋಡ್ತಿದಾಳೆ, ನೀನು ಅವಳನ್ನ ನೋಡ್ಬೇಕಲ್ಲ!"

ಆಸ್ಪತ್ರೆಯಿಂದ ಮಾತಿನ ಚಿಕಿತ್ಸೆ ಮಾಡುವ ಹೆಂಗಸೊಬ್ಬರು ಬರುತ್ತಿದ್ದರು. ಮಗಳು ಅವರ ಪಕ್ಕ ಕೂತು ಕಲಿತಳು. ಚಿತ್ರ ತೋರಿಸಿ ಹೆಸರು ಹೇಳಿಸುವುದು, ತುಟಿ ತಿದ್ದುವುದು, ತಪ್ಪಿದಾಗ ನಗದೆ ಕಾಯುವುದು. "ನೀನು ಇದನ್ನೇ ಓದಮ್ಮಾ, ಈ ತಾಳ್ಮೆ ಕಾಲೇಜಿನಲ್ಲಿ ಕಲಿಸೋಕಾಗಲ್ಲ" ಎಂದು ಅವರೇ ಹೇಳಿದರು. ಅಲ್ಲಿಯವರೆಗೆ ವಾರಕ್ಕೊಂದು ಕೋರ್ಸಿನ ಹೆಸರು ಹೇಳುತ್ತಿದ್ದ ಹುಡುಗಿ ಆಮೇಲೆ ಬೇರೆ ಹೆಸರು ಎತ್ತಲಿಲ್ಲ.

ಆದರೆ ಇಂಥದೊಂದೇ ಬೇಕು ಎನ್ನುವ ಮಕ್ಕಳಿಗೆ ನಿಮ್ಮ ಜಾಲತಾಣದಲ್ಲಿ ಜಾಗವಿಲ್ಲ. ಹತ್ತು ಆಯ್ಕೆ ತುಂಬದಿದ್ದರೆ ಪುಟ ಮುಂದಕ್ಕೆ ಹೋಗುವುದಿಲ್ಲ. ಸೈಬರ್ ಅಂಗಡಿಗೆ ಅವಳ ಜೊತೆ ಸೋದರಮಾವ ಹೋಗಿದ್ದ. ನನ್ನ ಹೆಂಡತಿಯ ತಮ್ಮ ಅವನು, ಬಾಯಿ ಬಿಟ್ಟರೆ ತಮಾಷೆ. ಮೊದಲನೆಯದನ್ನು ಮನಸ್ಸಿಟ್ಟು ತುಂಬಿ, ಉಳಿದವನ್ನು ಸಿಕ್ಕಿದ್ದೆಲ್ಲ ಒತ್ತಿ, ಹತ್ತನೆಯದಕ್ಕೆ ಬಂದು ನಿಂತರಂತೆ.

"ಪಿಂಗಾಣಿ ಒತ್ತು ಪುಟ್ಟಿ. ನಾಳೆ ಅತ್ತೆ ಮನೇಲಿ ಕಪ್ಪು ಒಡೆದ್ರೆ ನೀನೇ ಹೊಸದು ಮಾಡಿಕೊಡಬಹುದು."

"ಅದೇ ಬಂದುಬಿಟ್ರೆ ಏನ್ ಮಾಡ್ಲಿ ಮಾಮ?"

"ಹತ್ತನೇದು ಭೂಮಿ ಮೇಲೆ ಯಾರಿಗಾದ್ರೂ ಬಂದಿದೆಯೇನೇ? ನಿಂಗೆ ಮೊದಲ್ನೇದೇ ಬರುತ್ತೆ. ಒತ್ತು, ಹಸಿವಾಗ್ತಿದೆ."

ಮನೆಗೆ ಬಂದು ಹೇಳಿದಾಗ ನಾವೆಲ್ಲ ನಕ್ಕೆವು. ಅವಳಮ್ಮನೂ ನಕ್ಕಳು.

ಮಾವ ಹೇಳಿದ್ದೇನೂ ಸುಳ್ಳಾಗಲಿಲ್ಲ. ಅರ್ಹತಾ ಪಟ್ಟಿಯಲ್ಲಿ ಮಗಳು ಮೇಲೆಯೇ ಇದ್ದಳು. ಮಂಗಳವಾರ ಬಂದು ಮೂಲ ಅಂಕಪಟ್ಟಿ ತೋರಿಸಿ ಹೌದು ಎಂದರೆ ಮೊದಲ ಆಯ್ಕೆ ಅವಳದೇ. ಭಾನುವಾರ ನನ್ನ ಹೆಂಡತಿಗೆ ಎರಡನೇ ಸಲ ಬಡಿಯಿತು. ಮಂಗಳವಾರ ಬೆಳಿಗ್ಗೆ ಮಗಳು ಅಂಕಪಟ್ಟಿಯ ಚೀಲ ಹೆಗಲಿಗೆ ಹಾಕಿಕೊಂಡು, ಹೇಳಿ ಹೋಗೋಣವೆಂದು ಆಸ್ಪತ್ರೆಗೆ ಬಂದಳು. ತಾಯಿ ಅವಳನ್ನು ಕಂಡು "ಹೋಗು, ಹೋಗು" ಎಂದಳು.

"ನೋಡು, ಅಮ್ಮನೇ ಹೇಳ್ತಿದಾಳೆ. ಹೊರಡು, ಬಸ್ಸಿಗೆ ಹೊತ್ತಾಯ್ತು" ಎಂದೆ ನಾನು.

ಮಗಳು ಕದಲಲಿಲ್ಲ. ತಾಯಿಯ ಆಡುವ ಕೈ ಅವಳ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿತ್ತು. "ಅಪ್ಪ, ಅಮ್ಮ ಇರು ಅಂತಿದಾಳೆ" ಎಂದಳು. ಚೀಲವನ್ನು ಮಂಚದ ಕೆಳಗೆ ತಳ್ಳಿ ಕೂತಳು. ಸಂಜೆಯವರೆಗೂ ಆ ಮುಷ್ಟಿ ಸಡಿಲಲಿಲ್ಲ. ಮಾರನೇ ದಿನ ನನ್ನವಳಿಗೆ ಎಚ್ಚರವೇ ಇರಲಿಲ್ಲ. ಅಂದರೆ ಮಗಳ ಜೊತೆ ಅವಳಿದ್ದ ಕೊನೆಯ ದಿನ ಮಂಗಳವಾರ. ನಿಮ್ಮ ಕಡತದಲ್ಲಿ ಆ ದಿನಕ್ಕೆ 'ಗೈರು' ಎಂದು ಬರೆದಿದೆ.

ಎಲ್ಲ ಮುಗಿದ ಮೇಲೆ ನೋಡಿದರೆ, ಗೈರಾದವರಿಗೆ ಅವರ ಕೊನೆಯ ಆಯ್ಕೆಯನ್ನೇ ಹಂಚುವ ನಿಮ್ಮ ನಿಯಮದಂತೆ ಮಗಳಿಗೆ ಪಿಂಗಾಣಿ ಬಂದಿತ್ತು. ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ಗೋಡೆಯ ಮೇಲೆ ನಗುವ ಹುಡುಗಿಯ ಚಿತ್ರ, ಕೆಳಗೆ 'ನಿಮ್ಮ ಆಯ್ಕೆ, ನಿಮ್ಮ ಭವಿಷ್ಯ'. ಅದರ ಪಕ್ಕದ ಕಿಟಕಿಯಲ್ಲಿದ್ದ ಗುಮಾಸ್ತರು ಮರಣ ಪತ್ರವನ್ನು ತಿರುಗಿಸಿ ನೋಡಿದರು.

"ಇದ್ರಲ್ಲಿ ಗುರುವಾರದ ತಾರೀಖಿದೆಯಲ್ಲ ಯಜಮಾನ್ರೇ?"

"ಹೌದು ಸಾರ್, ಗುರುವಾರ ಹೋದ್ಲು."

"ಮಂಗಳವಾರ ಇದ್ರು?"

"ಇದ್ಲು ಸಾರ್. ಸಾಯ್ತಾ ಇದ್ಲು."

"ಅದಕ್ಕೆ ಕಾಲಂ ಇಲ್ಲ."

ಅವರನ್ನು ದೂರುವುದಿಲ್ಲ. ಪಾಪ, ಒಳಗೆ ಹೋಗಿ ನಿಯಮದ ಪುಸ್ತಕವನ್ನೇ ತಂದು ಬೆರಳಿಟ್ಟು ಓದಿಸಿದರು. 'ಕೌನ್ಸೆಲಿಂಗ್ ದಿನದಂದು ಅಭ್ಯರ್ಥಿಯ ತಂದೆ ಅಥವಾ ತಾಯಿ ಮೃತಪಟ್ಟಲ್ಲಿ ಮಾತ್ರ.' ಆ 'ಮಾತ್ರ' ಬರೆದವರು ಯಾರೋ, ಅವರ ತಂದೆತಾಯಿ ನೂರು ವರ್ಷ ಬಾಳಲಿ. ಮೇಲಿನ ಮಹಡಿಯ ಸಹಾಯಕ ನಿರ್ದೇಶಕರು ಮಾತ್ರ ಮಗಳ ಮುಖ ಕೂಡ ನೋಡಲಿಲ್ಲ. "ಹತ್ತನೇ ಆಯ್ಕೆ ನೀನೇ ಕೊಟ್ಟಿದ್ದಲ್ವೇನಮ್ಮಾ? ನಾವು ತುಂಬಿದ್ವಾ? ಸೀಟು ಸಿಕ್ಕಿದೆ, ಸಂತೋಷಪಡು" ಎಂದರು.

ಸಂತೋಷಪಡಲು ನೋಡಿದೆವು ಸ್ವಾಮಿ, ಆಗಲಿಲ್ಲ. ನನ್ನ ಮೊಂಡು ತಲೆಗೆ ಒಂದು ವಿಷಯ ಹತ್ತುತ್ತಲೇ ಇಲ್ಲ. ಮಗಳು ಬಾರದಿದ್ದದ್ದು ಮೊದಲ ಆಯ್ಕೆ ಬೇಡವೆಂದು ಹೇಳಿದಂತಾಯಿತು. ಅದೇ ಬಾರದಿದ್ದದ್ದು ಹತ್ತನೇ ಆಯ್ಕೆಗೆ ಒಪ್ಪಿಗೆಯಾಯಿತು. ಒಂದೇ ಖಾಲಿ ಕುರ್ಚಿ ಒಂದೇ ಬೆಳಿಗ್ಗೆ ಬೇಡವೆಂದೂ ಬೇಕೆಂದೂ ಹೇಗೆ ಹೇಳಿತು? ನಾವು ಏನು ಮಾಡಿದ್ದರೆ ನಿಮ್ಮ ನಿಯಮಕ್ಕೆ ಸಮಾಧಾನವಾಗುತ್ತಿತ್ತು? ನಿಮ್ಮ ವೇಳಾಪಟ್ಟಿಯನ್ನು ಆಸ್ಪತ್ರೆಗೆ ಒಯ್ದು, ಡಾಕ್ಟರೇ, ಇವಳನ್ನು ಮಂಗಳವಾರವೇ ಮುಗಿಸಿಕೊಡಿ ಎನ್ನಬೇಕಿತ್ತೇ? ಮಗಳ ಬದಲಿಗೆ ನಾನಾದರೂ ಬರಬಹುದಿತ್ತು ಎಂದರು ನಿಮ್ಮವರು. ನಿಜ. ಬಂದಿದ್ದರೆ ನನ್ನ ಹೆಂಡತಿಯ ಕೊನೆಯ ಎಚ್ಚರದ ದಿನ ನಾನು ನಿಮ್ಮ ಟೋಕನ್ ಹಿಡಿದು ಕೂತಿರುತ್ತಿದ್ದೆ. ಅದನ್ನು ನೀವು ಜವಾಬ್ದಾರಿ ಎನ್ನುತ್ತಿದ್ದಿರಿ.

ಇನ್ನೂ ಚೆಂದದ ಸಂಗತಿ ಕೇಳಿ. ಮಾತಿನ ಚಿಕಿತ್ಸೆಯ ಸೀಟುಗಳು ತುಂಬಿಲ್ಲ. ನಿಮ್ಮದೇ ಸೂಚನಾ ಫಲಕದಲ್ಲಿ ಖಾಲಿ ಎಂದು ಅಂಟಿಸಿದ್ದೀರಿ. ಎರಡನೇ ಸುತ್ತಿನಲ್ಲಿ ಅವನ್ನು ಕರೆದು ಕೊಡುತ್ತೀರಿ. ಆದರೆ ಒಂದು ಸೀಟು ಸಿಕ್ಕವರು ಆ ಸುತ್ತಿಗೆ ಬರುವಂತಿಲ್ಲ, ಸಿಕ್ಕಿದ್ದನ್ನು ಬಿಟ್ಟರೆ ಒಂದು ವರ್ಷ ನಿಷೇಧ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಗೆ ಒಂದಿಷ್ಟಾದರೂ ಲಾಭವಿರುತ್ತದೆ. ಖಾಲಿ ಇರುವ ಕುರ್ಚಿಯನ್ನು ಇವಳಿಗೆ ಕೊಡದಿರುವುದರಿಂದ ನಿಮಗೇನು ಲಾಭ? ಪಿಂಗಾಣಿಯನ್ನು ನಾನು ಕೀಳು ಮಾಡುತ್ತಿಲ್ಲ. ಅದನ್ನು ಆಸೆಯಿಂದ ಬಯಸಿದ ಮಗುವೊಂದು ಸೀಟು ಸಿಗದೆ ಎಲ್ಲೋ ಅಳುತ್ತಿರಬಹುದು. ಆ ಮಗುವಿನ ಜಾಗದಲ್ಲಿ ನನ್ನ ಮಗಳನ್ನು ಕೂರಿಸಿದ್ದೀರಿ.

ಅಂಗಡಿಗೆ ಬರುವವರೆಲ್ಲ ಬುದ್ಧಿ ಹೇಳುತ್ತಾರೆ. ಹುಡುಗಿ ತಾನೇ, ಯಾವುದಾದರೇನು, ಡಿಗ್ರಿ ಡಿಗ್ರಿಯೇ ಅಲ್ಲವೇ ಎನ್ನುತ್ತಾರೆ. ಅವರ ಬಟ್ಟೆ ಮಡಿಸಿ ಕೊಡುತ್ತೇನೆ. ಆ ತಮಾಷೆಯ ಮಾವ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾನೆ. ಮೊನ್ನೆ ಮಗಳು ತಟ್ಟೆ ತೊಳೆಯುತ್ತಾ, ತಿರುಗಿ ನೋಡದೆ, "ಪಿಂಗಾಣಿಗೇ ಸೇರ್ತೀನಿ ಬಿಡಪ್ಪ" ಎಂದಳು.

"ಒಂದು ವರ್ಷ ಕಾಯೋಣ. ಏನು ಮುಳುಗಿಹೋಗುತ್ತೆ?"

"ಕಾಯೋಕೆ ಭಯ ಆಗುತ್ತೆ. ಸುಮ್ನೆ ಮನೇಲಿ ಕೂತ್ರೆ ಅದೇ ಯೋಚನೆ ಬರುತ್ತಪ್ಪ, ಅವತ್ತು ಹೋಗಿದ್ರೆ ಸಿಗ್ತಿತ್ತು ಅಂತ. ಹಾಗೇ ಒಂದಿನ ಅಮ್ಮನ ಮೇಲೆ ಸಿಟ್ಟು ಬಂದುಬಿಡುತ್ತೆ. ಅದೊಂದು ನಂಗೆ ಬೇಡ."

ನಿರ್ದೇಶಕರೇ, ಇದನ್ನು ಬರೆಯಲು ಕೂತದ್ದು ಆ ಮಾತಿಗಾಗಿ. ಹೆಂಡತಿಯನ್ನು ರೋಗ ಒಯ್ದಿತು, ಅದಕ್ಕೆ ನಿಮ್ಮನ್ನು ದೂರಲಾರೆ. ಆದರೆ ಸತ್ತ ತಾಯಿಯ ಮೇಲೆ ಮಗಳಿಗೆ ಸಿಟ್ಟು ಬರುವಂತೆ ಮಾಡುವ ಹಕ್ಕನ್ನು ನಿಮಗೆ ಯಾರು ಕೊಟ್ಟರು?

ಕರುಣೆ ಕೇಳುತ್ತಿಲ್ಲ. ನಿಯಮದ ಆ ಸಾಲನ್ನು ತಿದ್ದಿ. ಸಾವು ನಿಮ್ಮ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲವೆಂದು ಅದರಲ್ಲಿ ಬರೆಯಿರಿ. ಸೋಮವಾರ ನನ್ನ ಮಗಳನ್ನು ಎರಡನೇ ಸುತ್ತಿಗೆ ಒಳಗೆ ಬಿಡಿ. ಅದು ಆಗದಿದ್ದರೆ ಇನ್ನೊಂದು ಕೆಲಸ ಮಾಡಿ. ಅಂದು ಬಾಗಿಲು ತೆರೆಯುವ ಹೊತ್ತಿಗೆ ನಾವಿಬ್ಬರೂ ಅಲ್ಲಿರುತ್ತೇವೆ. ಗುಮಾಸ್ತರನ್ನು ಕಳಿಸಬೇಡಿ, ನೀವೇ ಕೆಳಗಿಳಿದು ಬನ್ನಿ. ಅವಳ ಮುಖ ನೋಡಿ, "ನಿನ್ನ ತಾಯಿಯನ್ನು ಬಿಟ್ಟು ಬರಬೇಕಿತ್ತಮ್ಮಾ" ಎಂದು ನಿಮ್ಮ ಬಾಯಿಂದಲೇ ಹೇಳಿ. ಹೇಳಲು ನಿಮ್ಮಿಂದಾದರೆ, ನಾವು ತುಟಿ ಬಿಚ್ಚದೆ ಹಿಂತಿರುಗಿ ಪಿಂಗಾಣಿ ಕಾಲೇಜಿನ ಬಸ್ಸು ಹತ್ತುತ್ತೇವೆ.

ಇಂತಿ,
ವಿನಾಯಿತಿಗೆ ಅರ್ಹವಲ್ಲದ ಮನೆಯಿಂದ,
ಒಬ್ಬ ಇಸ್ತ್ರಿ ಅಂಗಡಿಯವನು